ಹೇಝಲ್‌ನಟ್ ನಮ್ಮ ತೋಟದಲ್ಲಿ ಬೆಳೆಯಲ್ಲ, ಏಲಕ್ಕಿ ಬೆಳೆಯುತ್ತೆ

ಡಿಸೆಂಬರ್‌ನಲ್ಲಿ ಮಲೆನಾಡಿನ ಯಾವ ತೋಟಕ್ಕೆ ಹೋದರೂ ಕಣದಲ್ಲಿ ಅರೇಬಿಕಾ ಒಣಗ್ತಾ ಇರುತ್ತೆ. ಅದೇ ಹೊತ್ತಿಗೆ ಫೋನ್ ತೆಗೆದರೆ ಅಲ್ಲೊಂದು ಬೇರೆ ಸುಗ್ಗಿ. ‘ವಿಂಟರ್ ಸ್ಪೆಷಲ್ ಹೇಝಲ್‌ನಟ್’, ‘ಕ್ರಿಸ್‌ಮಸ್ ಕ್ಯಾರಮೆಲ್’, ‘ಐರಿಶ್ ಕ್ರೀಮ್’, ‘ಫ್ರೆಂಚ್ ವೆನಿಲ್ಲಾ’. ಬೇಸಿಗೆಗೆ ಇನ್ನೊಂದು, ಮಳೆಗಾಲಕ್ಕೆ ಮತ್ತೊಂದು. ಮಾರೋರೆಲ್ಲ ದೊಡ್ಡ ಕಂಪನಿಗಳಲ್ಲ. ಹತ್ತಿಪ್ಪತ್ತು ಎಕರೆ ಇರೋ, ಓದು ಮುಗಿಸಿ ಊರಿಗೆ ವಾಪಸ್ ಬಂದ, ಒಂದು ಸಣ್ಣ ರೋಸ್ಟರ್ ಕೊಂಡು ಮನೆ ಪಕ್ಕದ ಶೆಡ್ಡಿನಲ್ಲಿ ಕಾಫಿ ಹುರಿಯೋ ನಮ್ಮ ಹುಡುಗ ಹುಡುಗಿಯರೂ ಅದರಲ್ಲಿದ್ದಾರೆ.

ಬೆಳೆದವರೇ ಹುರಿದು, ಪುಡಿ ಮಾಡಿ, ಹೆಸರಿಟ್ಟು ಮಾರೋದು ನನಗೆ ಬಹಳ ಇಷ್ಟದ ವಿಷಯ. ನಾನೂ ಅದನ್ನೇ ಮಾಡ್ತೀನಿ. ಋತುವಿಗೊಂದು ರುಚಿ ಅನ್ನೋ ಯೋಚನೆ ಕೂಡ ಸಣ್ಣ ವ್ಯಾಪಾರಕ್ಕೆ ಹೇಳಿ ಮಾಡಿಸಿದ್ದು. ವರ್ಷವಿಡೀ ಒಂದೇ ಪುಡಿ ಮಾರೋನಿಗೆ ಗಿರಾಕಿ ಹತ್ತಿರ ಹೊಸದಾಗಿ ಮಾತಾಡೋಕೆ ಏನೂ ಇರಲ್ಲ. ನನ್ನ ತಕರಾರು ಒಂದೇ: ಆ ರುಚಿ ಎಲ್ಲಿಂದ ಬರ್ತಾ ಇದೆ? ಸುತ್ತ ಏಲಕ್ಕಿ, ಮೆಣಸು, ಶುಂಠಿ, ಜಾಯಿಕಾಯಿ, ಕಿತ್ತಳೆ ಇಟ್ಟುಕೊಂಡು ನಾವು ಬೆಂಗಳೂರಿಂದ ಎಸೆನ್ಸ್ ಬಾಟಲಿ ತರಿಸ್ತಾ ಇದ್ದೀವಿ. ಇದು ರುಚಿಯ ಪ್ರಶ್ನೆ ಮಾತ್ರ ಅಲ್ಲ, ನಾಳೆ ನಮ್ಮ ಪೊಟ್ಟಣಕ್ಕೆ ಬೆಲೆ ಇರುತ್ತಾ ಅನ್ನೋ ಪ್ರಶ್ನೆ.

ಬಾಟಲಿ ಕೆಲಸ ಹೇಗೆ ನಡೆಯುತ್ತೆ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಹುರಿದ ಬೀಜ ಸ್ವಲ್ಪ ಬೆಚ್ಚಗಿರುವಾಗಲೇ ತಿರುಗೋ ಡ್ರಮ್ಮಿಗೆ ಹಾಕ್ತಾರೆ. ಅದರ ಮೇಲೆ ತೂಕದ ನೂರಕ್ಕೆ ಎರಡು ಮೂರು ಭಾಗದಷ್ಟು ಫ್ಲೇವರ್ ಚಿಮುಕಿಸ್ತಾರೆ. ಅಂದ್ರೆ ಕಿಲೋ ಬೀಜಕ್ಕೆ 20–30 ಗ್ರಾಂ. ಆ ದ್ರವದಲ್ಲಿ ಸುವಾಸನೆಯ ಅಂಶ ಇರೋದು ಸ್ವಲ್ಪ. ಉಳಿದದ್ದು ಅದನ್ನು ಹೊತ್ತು ತರೋ ಎಣ್ಣೆ ಅಥವಾ ಪ್ರೊಪಿಲೀನ್ ಗ್ಲೈಕಾಲ್. ಅರ್ಧ ಗಂಟೆ ತಿರುಗಿಸಿದರೆ ಬೀಜ ಹೀರಿಕೊಳ್ಳುತ್ತೆ. ಮುಗೀತು ಹೇಝಲ್‌ನಟ್ ಕಾಫಿ. ಇದರಲ್ಲಿ ಹೇಝಲ್‌ನಟ್ ಅನ್ನೋ ಕಾಯಿ ಎಲ್ಲೂ ಇರಬೇಕಾಗಿಲ್ಲ.

ಕಾನೂನು ಒಪ್ಪಿರೋ ಫ್ಲೇವರನ್ನು ಒಪ್ಪಿರೋ ಅಳತೆಯಲ್ಲಿ ಹಾಕಿದರೆ ಅದು ವಿಷ ಅಂತ ನಾನು ಹೇಳಲ್ಲ. ವಾಟ್ಸಾಪ್‌ನಲ್ಲಿ ಓಡಾಡೋ ಹೆದರಿಕೆ ಸುದ್ದಿಗಳಿಗೆ ನನ್ನ ಲೇಖನ ಸೇರಿಸಬೇಡಿ. ನನ್ನ ತಕರಾರು ಬೇರೆ. ಆ 30 ಗ್ರಾಂ ಬಿದ್ದ ಮೇಲೆ ಒಳಗಿರೋದು ಎಎ ಗ್ರೇಡೋ, ಕ್ಯೂರಿಂಗ್‌ನಲ್ಲಿ ಬೇರೆ ತೆಗೆದ ಬಿಬಿಬಿಯೋ ಹೆಚ್ಚಿನವರಿಗೆ ಗೊತ್ತಾಗಲ್ಲ. ಕಪ್ಪು ಬೀಜ, ಒಡೆದ ಬೀಜ, ಮಳೆಗೆ ಸಿಕ್ಕಿ ಮುಗ್ಗಲಾದ ಬೀಜ, ಎಲ್ಲ ಒಂದೇ ವಾಸನೆ. ಹಣ್ಣು ಕೆಂಪಾಗೋ ತನಕ ಕಾದು, ಹಸಿಕಾಯಿ ಬೇರೆ ಮಾಡಿ, ಅದೇ ದಿನ ಪಲ್ಪಿಂಗ್ ಮಾಡಿ, ಕಣದಲ್ಲಿ ಗಂಟೆಗೊಂದು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳೋ ಮೊದಲು ಗುಡ್ಡೆ ಮಾಡಿ ಮುಚ್ಚಿ ಒಣಗಿಸಿದ್ದಕ್ಕೆ ಏನು ಅರ್ಥ ಉಳೀತು? ಅಷ್ಟು ಕಷ್ಟಪಟ್ಟವನೂ, ಏನೂ ಮಾಡದೆ ಸಂತೆಯಿಂದ ಬೀಜ ತಂದವನೂ ಒಂದೇ ಸಾಲಿನಲ್ಲಿ ನಿಲ್ತಾರೆ. ಆ ಸಾಲಿನಲ್ಲಿ ಗೆಲ್ಲೋದು ಕಡಿಮೆ ಬೆಲೆಗೆ ಕೊಡೋನು. ಅವನು ನೀವಾಗಿರಲ್ಲ.

ಈ ಮಾತನ್ನು ಪಕ್ಕದ ತೋಟದ ಹುಡುಗನ ಹತ್ತಿರ ಹೇಳಿದ್ದಕ್ಕೆ ಅವನು ನಕ್ಕ. “ಅಕ್ಕ, ನಿಮ್ಮ ಎಸ್.795 ಯಾರಿಗೆ ಬೇಕು? ಪೇಜಿಗೆ ಬಂದೋರು ಮೊದಲು ಕೇಳೋದೇ ಹೇಝಲ್‌ನಟ್ ಇದೆಯಾ ಅಂತ.” ಅವನು ಹೇಳಿದ್ದು ಸುಳ್ಳಲ್ಲ. ಗಿರಾಕಿ ಕೇಳ್ತಾನೆ. ಆದರೆ ಗಿರಾಕಿ ಅದನ್ನೇ ಯಾಕೆ ಕೇಳ್ತಾನೆ? ಬೇರೆ ಯಾವುದೂ ಅವನ ಕಣ್ಣಿಗೆ ಬಿದ್ದಿಲ್ಲ. ಅಮೆರಿಕದಲ್ಲಿ ಚಳಿ ಶುರುವಾಗೋ ಮೊದಲು ಸಿಹಿಗುಂಬಳದ ಹೆಸರಿನ ಮಸಾಲೆ ಕಾಫಿಗೆ ಜನ ಮುಗಿಬೀಳ್ತಾರೆ. 2003ರಲ್ಲಿ ಸ್ಟಾರ್‌ಬಕ್ಸ್ ಶುರು ಮಾಡಿದ್ದು. 2015ರವರೆಗೆ ಅದರಲ್ಲಿ ಕುಂಬಳಕಾಯಿ ಇರಲೇ ಇಲ್ಲ. ಇದ್ದದ್ದು ಚಕ್ಕೆ, ಜಾಯಿಕಾಯಿ, ಲವಂಗ, ಶುಂಠಿಯ ರುಚಿ. ನಮ್ಮ ಅಡುಗೆಮನೆ ಡಬ್ಬಿಯ ಸಾಮಾನು! ಅವರು ತಮ್ಮ ಸುಗ್ಗಿಯ ನೆನಪನ್ನು ಒಂದು ಲೋಟಕ್ಕೆ ಅಂಟಿಸಿ ಮಾರಿದರು. ನಾವು ಅವರ ನೆನಪಿನ ನಕಲು ಮಾಡ್ತಾ ಇದ್ದೀವಿ. ನಮ್ಮ ಸುಗ್ಗಿ ನಮಗೆ ನೆನಪಿಲ್ಲ.

ವೆನಿಲ್ಲಾ ಮರೆತುಹೋಯ್ತಾ?

‘ಫ್ರೆಂಚ್ ವೆನಿಲ್ಲಾ’ ಪೊಟ್ಟಣ ನೋಡಿದಾಗ ಮಾತ್ರ ನನಗೆ ನಿಜವಾಗಿ ಸಂಕಟ ಆಗುತ್ತೆ. ನಿಮ್ಮಲ್ಲಿ ಹಲವರು ಆಗ ಪ್ರೈಮರಿ ಸ್ಕೂಲಿನಲ್ಲಿದ್ದಿರಿ, ಮನೇಲಿ ಅಪ್ಪ ಅಮ್ಮನ್ನ ಕೇಳಿ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೀತು, ಜಗತ್ತಿನಲ್ಲಿ ವೆನಿಲ್ಲಾಗೆ ಬೆಲೆ ಏರಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಕೊಡಗು, ಮಲೆನಾಡಲ್ಲೆಲ್ಲ ಜನ ಬಳ್ಳಿ ನೆಟ್ಟರು. ಬಳ್ಳಿಯ ತುಂಡಿಗೇ ಬೆಲೆ, ರಾತ್ರಿ ತೋಟಕ್ಕೆ ಕಾವಲು. ಬೆಳಗಾದರೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕಿತ್ತು. ಯಾಕಂದ್ರೆ ಮೆಕ್ಸಿಕೋದ ಆ ಬಳ್ಳಿಗೆ ಆ ಕೆಲಸ ಮಾಡೋ ಕೀಟ ನಮ್ಮಲ್ಲಿಲ್ಲ. ಕೋಡು ಬಲಿಯೋಕೆ ಒಂಬತ್ತು ತಿಂಗಳು. ಆಮೇಲೆ ಸಂಸ್ಕರಣೆಗೆ ಇನ್ನೂ ತಿಂಗಳುಗಟ್ಟಲೆ. 2004ರ ನಂತರ ಬೆಲೆ ಹೇಗೆ ಬಿತ್ತು ಅಂದ್ರೆ ಸಾವಿರಗಳಲ್ಲಿ ಮಾತಾಡ್ತಿದ್ದ ಹಸಿ ಕೋಡನ್ನು ಕೇಳೋರೇ ಇಲ್ಲವಾದರು. ಎಷ್ಟೋ ಜನ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು.

ಬೀಳೋಕೆ ಕಾರಣ ಒಂದೇ ಅಲ್ಲ. ಮಡಗಾಸ್ಕರ್ ಚೇತರಿಸಿಕೊಂಡಿತು, ಎಲ್ಲ ದೇಶದಲ್ಲೂ ನೆಟ್ಟದ್ದು ಒಟ್ಟಿಗೆ ಫಸಲಿಗೆ ಬಂತು. ಆದರೆ ಇನ್ನೊಂದು ದೊಡ್ಡ ಕಾರಣ, ಬೆಲೆ ಏರಿದಾಗ ಐಸ್‌ಕ್ರೀಮ್, ಬಿಸ್ಕತ್ತು ಮಾಡೋ ಕಂಪನಿಗಳು ಕಾರ್ಖಾನೆಯಲ್ಲಿ ತಯಾರಾಗೋ ವೆನಿಲಿನ್ ಕಡೆ ತಿರುಗಿದ್ದು. 1874ರಲ್ಲೇ ಪ್ರಯೋಗಾಲಯದಲ್ಲಿ ಮಾಡಿದ ವಸ್ತು ಅದು. ಅಗ್ಗ, ವರ್ಷವಿಡೀ ಸಿಗುತ್ತೆ, ಯಾರೂ ಬೆಳಗ್ಗೆ ಎದ್ದು ಹೂವು ಮುಟ್ಟಬೇಕಿಲ್ಲ. ಆ ಬಾಟಲಿ ಎದುರು ಸೋತ ರೈತರು ನಮ್ಮ ಮನೆಯವರು. ಈಗ ಅದೇ ಬಾಟಲಿ ಕೊಂಡು ನಮ್ಮದೇ ಕಾಫಿ ಮೇಲೆ ಸುರಿಯೋರೂ ನಾವೇ. ಇದರಲ್ಲಿ ನಗಬೇಕೋ ಅಳಬೇಕೋ ನೀವೇ ಹೇಳಿ.

ಏಲಕ್ಕಿಗೂ ಫ್ಲೇವರ್ ಬಾಟಲಿ ಇದೆ. ಕಿತ್ತಳೆಗಂತೂ ಯಾವತ್ತೋ ಬಂದಿದೆ. ಬೆಳೆಗಾರರಾಗಿ ನಾವು ಬಾಟಲಿಗೆ ಗಿರಾಕಿ ಆದಷ್ಟೂ ನಮ್ಮ ಇನ್ನೊಂದು ಬೆಳೆಗೆ ಗಿರಾಕಿ ಕಡಿಮೆ ಆಗ್ತಾರೆ.

ರುಚಿ ಸೇರಿಸೋದು ಹೊಸದಲ್ಲ

ಕಾಫಿಗೆ ಏನೂ ಬೆರೆಸಲೇಬಾರದು ಅನ್ನೋ ಶುದ್ಧವಾದಿಗಳ ಗುಂಪು ಒಂದಿದೆ. ಅವರ ಜೊತೆಗೂ ನಾನಿಲ್ಲ. ಬಾಬಾಬುಡನ್ ಏಳು ಬೀಜ ತಂದರು ಅಂತ ನಾವು ಹೇಳೋ ಯೆಮೆನ್ ಸುತ್ತಿನ ಅರಬ್ ನಾಡಿನಲ್ಲಿ ಇವತ್ತಿಗೂ ಏಲಕ್ಕಿ ಹಾಕಿ ಕಾಫಿ ಕುದಿಸ್ತಾರೆ. ಅಲ್ಲಿ ಅದು ಫ್ಲೇವರ್ಡ್ ಕಾಫಿ ಅಲ್ಲ, ಬರೀ ಕಾಫಿ. ಕೊಡಗಿನಲ್ಲಿ ಬೆಲ್ಲದ ಕಾಫಿ ಇದೆ. ತಮಿಳರು ಒಣಶುಂಠಿ, ಮೆಣಸು ಹಾಕಿ ಸುಕ್ಕು ಕಾಪಿ ಕುಡೀತಾರೆ. ಮಳೆ ಹಿಡಿದ ಜುಲೈನಲ್ಲಿ ನಮ್ಮಜ್ಜಿ ಕರಿಕಾಫಿಗೆ ಶುಂಠಿ ಜಜ್ಜಿ ಹಾಕ್ತಿದ್ದರು, ಅದಕ್ಕೊಂದು ಹೆಸರೂ ಇರಲಿಲ್ಲ.

ಚಿಕೋರಿಯನ್ನೇ ನೋಡಿ. ಅದೂ ಬೆರಕೆಯೇ. ಆದರೆ ಕಾನೂನು ನೇರವಾಗಿದೆ: ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪೊಟ್ಟಣದ ಮೇಲೆ ಬರೆಯಬೇಕು. ಹಾಗಾಗಿ ಅಂಗಡಿಗೆ ಹೋದವನು “80–20 ಕೊಡಿ” ಅಂತ ಬಾಯಿಬಿಟ್ಟು ಕೇಳ್ತಾನೆ. ಯಾರಿಗೂ ಮೋಸ ಆಗಲಿಲ್ಲ, ಯಾರಿಗೂ ನಾಚಿಕೆ ಇಲ್ಲ. ಫ್ಲೇವರ್ ವಿಷಯದಲ್ಲೂ ನಿಯಮ ಇದೆ. ಸೇರಿಸಿದ್ದರೆ ಸೇರಿಸಿದ್ದೇವೆ ಅಂತ, ಯಾವ ಬಗೆಯದು ಅಂತ ಬರೆಯಬೇಕು. ಆದರೆ ಎಷ್ಟು ಜನ ಸಣ್ಣ ಬ್ರ್ಯಾಂಡಿನವರು ಓದೋಕಾಗೋ ಅಕ್ಷರದಲ್ಲಿ ಹಾಕ್ತಾರೆ? ಮುಂದೆ ಹಸಿರು ಎಲೆ, ‘ತೋಟದಿಂದ ನೇರ’, ‘ಆರ್ಗ್ಯಾನಿಕ್’. ಹಿಂದೆ ಸಾಸಿವೆ ಕಾಳಿಗಿಂತ ಸಣ್ಣದಾಗಿ ‘ಆರ್ಟಿಫಿಶಿಯಲ್ ಫ್ಲೇವರ್’. ಸಾವಯವ ಅಂತ ಬರೆದು ಕೃತಕ ಫ್ಲೇವರ್ ಹಾಕೋ ಹಾಗೇ ಇಲ್ಲ, ಅದು ಬೇರೆ ಮಾತು. ವರ್ಷಗಟ್ಟಲೆ ರಾಸಾಯನಿಕ ಬಿಟ್ಟು, ದಾಖಲೆ ಇಟ್ಟು, ತಪಾಸಣೆಗೆ ನಿಂತು ಪಡೆದ ಹೆಸರನ್ನು ಒಂದು ಬಾಟಲಿಗೋಸ್ಕರ ಕಳ್ಕೊಳ್ಳೋದು ದಡ್ಡತನ.

ಋತುವೇ ಕೊಟ್ಟ ರುಚಿ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಕರಾವಳಿಯಲ್ಲೇ ಜಗತ್ತಿಗೆ ಗೊತ್ತಿರೋ ಉದಾಹರಣೆ ಇದೆ. ಮಾನ್ಸೂನ್ಡ್ ಮಲಬಾರ್. ಹಿಂದೆ ಮರದ ಹಡಗುಗಳಲ್ಲಿ ಕಾಫಿ ಆಫ್ರಿಕಾ ಸುತ್ತಿ ಯುರೋಪಿಗೆ ಹೋಗೋಕೆ ತಿಂಗಳುಗಳು ಹಿಡೀತಿತ್ತು. ಸಮುದ್ರದ ತೇವಕ್ಕೆ ಬೀಜ ಊದಿಕೊಂಡು, ಹಸಿರು ಹೋಗಿ ಹಳದಿ ಬಣ್ಣಕ್ಕೆ ತಿರುಗಿ, ಹುಳಿ ಇಳಿದು ಬೇರೆಯೇ ರುಚಿ ಬರ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೀತು, ಉಗಿಹಡಗು ಬಂದವು, ಪ್ರಯಾಣ ಚಿಕ್ಕದಾಯ್ತು. ಅಲ್ಲಿನ ಗಿರಾಕಿಗಳಿಗೆ ಹಳೇ ರುಚಿ ಬೇಕಿತ್ತು. ಅದಕ್ಕೇ ಮಂಗಳೂರು ಕಡೆಯ ಕ್ಯೂರಿಂಗ್‌ನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ತೆರೆದ ಗೋಡೌನುಗಳಲ್ಲಿ ಬೀಜ ಹರಡಿ, ಮಳೆಗಾಳಿ ತಾಗಿಸಿ, ಕೈಯಾಡಿಸಿ ಅದೇ ರುಚಿ ತಂದರು. ಒಂದು ಹನಿ ಎಸೆನ್ಸ್ ಇಲ್ಲ. ಬರೀ ಮಳೆಗಾಲ. ಅದಕ್ಕೆ ಇವತ್ತು ಜಿಐ ಟ್ಯಾಗ್ ಇದೆ. ನಮ್ಮ ದೇಶದಲ್ಲಿ ಬೇರೆ ಯಾರೂ ಆ ಹೆಸರಲ್ಲಿ ಬಾಟಲಿ ತುಂಬಿ ಮಾರೋ ಹಾಗಿಲ್ಲ. ಇದನ್ನು ಮನೇಲಿ ಮಾಡೋಕೆ ಹೋಗಬೇಡಿ ಮತ್ತೆ. ಮಳೆಗಾಲದಲ್ಲಿ ಕಾಫಿ ಹರಡಿ ಬೂಷ್ಟು ಹಿಡಿಸಿದ್ದಕ್ಕೆ ಮಾನ್ಸೂನ್ಡ್ ಅಂತ ಹೆಸರಿಟ್ಟವರನ್ನೂ ನಾನು ನೋಡಿದ್ದೀನಿ.

ಒಂದು ಅಡ್ಡಮಾತು. ಮೆಣಸು ಬಳ್ಳಿ ಪಕ್ಕ ಬೆಳೆದ ಕಾಫಿಗೆ ತಾನಾಗೇ ಮಸಾಲೆ ರುಚಿ ಬರುತ್ತೆ ಅಂತ ಬಹಳ ಪೊಟ್ಟಣಗಳ ಮೇಲೆ ಬರೀತಾರೆ. ತೋಟಗಾರಿಕೆ ಓದಿದವಳಾಗಿ ನನಗದು ಒಪ್ಪಿಗೆ ಆಗಲ್ಲ. ತಳಿ, ಎತ್ತರ, ನೆರಳು, ಹಣ್ಣಾದ ಹದ, ಪಲ್ಪಿಂಗ್, ಒಣಗಿಸಿದ ರೀತಿ, ಹುರಿದ ರೀತಿ, ರುಚಿ ಬರೋದು ಇವುಗಳಿಂದ. ಆದರೆ ಗೋಡೌನಿನಲ್ಲಿ ಮೆಣಸಿನ ಚೀಲದ ಪಕ್ಕ ಇಟ್ಟರೆ ಮಾತ್ರ ಕಾಫಿ ಆ ವಾಸನೆ ಹಿಡಿಯುತ್ತೆ. ಡೀಸೆಲ್ ಕ್ಯಾನ್ ಪಕ್ಕ ಇಟ್ಟರೆ ಅದನ್ನೂ ಹಿಡಿಯುತ್ತೆ, ಗೊಬ್ಬರದ ಚೀಲದ ವಾಸನೆಯನ್ನೂ ಹಿಡಿಯುತ್ತೆ. ರುಚಿಯ ಮಾತಿಗೆ ಮೊದಲು ಗೋಡೌನ್ ಬೇರೆ ಮಾಡಿ.

ಹಾಗಾದ್ರೆ ಮಾಡೋದು ಹೇಗೆ

ನಮ್ಮ ಕಾಫಿ ತೋಟ ಅಂದ್ರೆ ಬರೀ ಕಾಫಿ ಅಲ್ಲ, ಅದೇ ನಮ್ಮ ಅದೃಷ್ಟ. ಆಗಸ್ಟ್‌ನಿಂದ ಏಲಕ್ಕಿ ಕೊಯ್ಲು. ಚಳಿಗಾಲಕ್ಕೆ ಕೊಡಗಿನ ಕಿತ್ತಳೆ. ಜನವರಿ ದಾಟಿದ ಮೇಲೆ ಮೆಣಸು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಜೇನು. ಮಳೆ ಶುರುವಾದ ಮೇಲೆ ಜಾಯಿಕಾಯಿ, ಜಾಪತ್ರೆ. ಕ್ಯಾಲೆಂಡರ್ ತೋಟದಲ್ಲೇ ಇದೆ, ಇನ್‌ಸ್ಟಾಗ್ರಾಮಿನಲ್ಲಿ ಹುಡುಕಬೇಕಿಲ್ಲ.

ನಾನು ಹೆಚ್ಚು ಮಾಡೋದು ಏಲಕ್ಕಿ ಕಾಫಿ. ಅದರ ಲೆಕ್ಕ ಬಿಡಿಸಿ ಹೇಳ್ತೀನಿ, ಉಳಿದದ್ದಕ್ಕೆ ನೀವು ಹೊಂದಿಸಿಕೊಳ್ಳಿ. ಮೊದಲ ಮಾತು, ಏಲಕ್ಕಿಯನ್ನು ಕಾಫಿ ಜೊತೆ ರೋಸ್ಟರ್‌ಗೆ ಹಾಕಬೇಡಿ. ಬೀಜ ಮೊದಲ ಸಲ ಚಟಪಟ ಅನ್ನೋದು ಸುಮಾರು 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಗೆ ಏಲಕ್ಕಿಯ ಎಣ್ಣೆ ಹಾರಿಹೋಗಿ ಶೆಡ್ಡೆಲ್ಲ ಘಮ ಅನ್ನುತ್ತೆ, ಪೊಟ್ಟಣದಲ್ಲಿ ಕರಿಕು ವಾಸನೆ ಉಳಿಯುತ್ತೆ. ಕಾಫಿ ಹುರಿದು, ಆರಿಸಿ, ಒಂದು ದಿನ ಗ್ಯಾಸ್ ಬಿಡೋಕೆ ಬಿಟ್ಟು, ಪುಡಿ ಮಾಡೋ ಹೊತ್ತಿಗೆ ಏಲಕ್ಕಿ ಬೀಜ ಸೇರಿಸಿ. 250 ಗ್ರಾಂ ಕಾಫಿಗೆ 5 ಗ್ರಾಂ ಬೀಜ, ಅಂದ್ರೆ ನೂರಕ್ಕೆ ಎರಡು. ಮೂರು ದಾಟಿದರೆ ಪಾಯಸ ಕುಡಿದ ಹಾಗಾಗುತ್ತೆ. ಏಲಕ್ಕಿ ಚೆನ್ನಾಗಿ ಒಣಗಿರಬೇಕು, ಮೆತ್ತಗಿದ್ದರೆ ಗ್ರೈಂಡರ್ ಹಲ್ಲಿಗೆ ಅಂಟುತ್ತೆ, ಪುಡಿ ಗಂಟು ಕಟ್ಟುತ್ತೆ.

ಖರ್ಚು ಜಾಸ್ತಿ ಅಂತೀರಾ? ಏಲಕ್ಕಿ ಕಿಲೋಗೆ 2,500 ರೂಪಾಯಿ ಅಂತ ಇಟ್ಟುಕೊಳ್ಳಿ. 5 ಗ್ರಾಂ ಕಾಯಿಗೆ ಹನ್ನೆರಡೂವರೆ ರೂಪಾಯಿ, ಸಿಪ್ಪೆಯ ತೂಕ ಕಳೆದರೆ ಅಷ್ಟೇ ಬೀಜಕ್ಕೆ ಸ್ವಲ್ಪ ಜಾಸ್ತಿ. ಅದೂ ಮಾರುಕಟ್ಟೆಗೆ ಹೋಗೋ ಒಳ್ಳೇ ಕಾಯಿಯ ಲೆಕ್ಕದಲ್ಲಿ. ಒಡೆದ ಕಾಯಿ, ಸಣ್ಣ ಕಾಯಿ, ಬಣ್ಣ ಬಿಟ್ಟ ಕಾಯಿಗೆ ವ್ಯಾಪಾರಿ ಕಡಿಮೆ ಬೆಲೆ ಕಟ್ತಾನೆ. ಯಾಕಂದ್ರೆ ಅವನು ಸಿಪ್ಪೆಯ ಹಸಿರು ನೋಡ್ತಾನೆ. ನಮಗೆ ಬೇಕಿರೋದು ಒಳಗಿನ ಕರೀ ಬೀಜ. ಬಲಿತ ಕಾಯಿಯಾದರೆ ಸಿಪ್ಪೆ ಬಿರಿದಿದ್ದರೂ ತಕ್ಷಣ ಬಳಸೋಕೆ ಅಡ್ಡಿಯಿಲ್ಲ. ಸಂತೆಯಲ್ಲಿ ಬೆಲೆ ಸಿಗದ ಸರಕಿಗೆ ಪೊಟ್ಟಣದಲ್ಲಿ ಬೆಲೆ ಬರುತ್ತೆ. ಬಾಟಲಿ ತರೋನಿಗೆ ಈ ದಾರಿ ಇಲ್ಲ.

ರೋಬಸ್ಟಾ ಇರೋರು ಬೇಜಾರಾಗಬೇಡಿ. ಅದರ ಕಹಿ, ಅದರ ಗಟ್ಟಿತನಕ್ಕೆ ಒಣಶುಂಠಿ ಮತ್ತು ಮೆಣಸು ಬಹಳ ಚೆನ್ನಾಗಿ ಕೂರುತ್ತೆ. ಜೊತೆಗೆ ಬೆಲ್ಲ ಹಾಕಿ ಹಾಲಿಲ್ಲದೆ ಕುಡಿಯೋ ಪುಡಿ ಅಂತ ಮಳೆಗಾಲಕ್ಕೆ ಮಾಡಬಹುದು. ಬೆಲ್ಲ ಪೊಟ್ಟಣದೊಳಗೆ ಬೆರೆಸಬೇಡಿ, ತೇವ ಎಳೆದು ಎಲ್ಲ ಹಾಳಾಗುತ್ತೆ, ಬೇರೆ ಕಟ್ಟಿ ಕೊಡಿ. ಮೆಣಸು ನೂರಕ್ಕೆ ಒಂದು ಸಾಕು. ಶುಂಠಿ ವಿಷಯದಲ್ಲಿ ಮಾತ್ರ ಹುಷಾರು. ಹಾಸನ, ಶಿವಮೊಗ್ಗ, ಮೈಸೂರು ಕಡೆ ಗುತ್ತಿಗೆ ಜಮೀನಿನಲ್ಲಿ ಬೆಳೆಯೋ ಶುಂಠಿಗೆ ಕೊಳೆರೋಗದ ಹೆದರಿಕೆಯಿಂದ ಎಷ್ಟು ಔಷಧಿ ಹೊಡೀತಾರೆ ಅಂತ ನಿಮಗೇ ಗೊತ್ತು. ಅದನ್ನು ಒಣಗಿಸಿ ಸಾವಯವ ಕಾಫಿಗೆ ಸೇರಿಸಿದರೆ ಬಾಟಲಿಗಿಂತ ಅದು ಮೇಲು ಅಂತ ನಾನು ಹೇಳಲಾರೆ. ಮನೆ ಹಿಂದೆ ಎರಡು ಮಡಿ ನೀವೇ ಹಾಕಿ.

ಗ್ರೈಂಡರ್ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಮಸಾಲೆ ಕಾಫಿಗೆ ಬೇರೆ ಗ್ರೈಂಡರ್ ಇಡಿ. ಏಲಕ್ಕಿ ಅರೆದ ಯಂತ್ರದಲ್ಲಿ ಆಮೇಲೆ ಸಾದಾ ಕಾಫಿ ಹಾಕಿದರೆ ಐದಾರು ಬ್ಯಾಚ್‌ವರೆಗೆ ಅದೇ ವಾಸನೆ. ಎಸೆನ್ಸ್ ಬೀಜ ಅರೆದ ಯಂತ್ರದ ಕಥೆ ಇನ್ನೂ ಕೆಟ್ಟದು, ಅದು ಬಿಡೋದೇ ಇಲ್ಲ. ಇನ್ನೊಂದು, ಅಸಲಿ ಮಸಾಲೆಯ ಘಮ ಬಾಟಲಿಯಷ್ಟು ದಿನ ನಿಲ್ಲಲ್ಲ. ಪುಡಿ ಮಾಡಿದ ಮೂರ್ನಾಲ್ಕು ವಾರದಲ್ಲಿ ಇಳಿಯೋಕೆ ಶುರು. ಇದನ್ನು ದೋಷ ಅಂತ ನೋಡಬೇಡಿ. 100 ಗ್ರಾಂ ಪೊಟ್ಟಣ ಮಾಡಿ, ಅರೆದ ತಾರೀಖು ದಪ್ಪಗೆ ಬರೆಯಿರಿ, ಕೊಯ್ಲಿನ ತಿಂಗಳು ಬರೆಯಿರಿ. ಮುಗಿದ ಮೇಲೆ “ಮುಂದಿನ ಸುಗ್ಗಿಗೆ” ಅಂತ ಹೇಳಿ. ನಿಜವಾಗಿ ಮುಗಿಯೋದೇ ಋತುವಿನ ಗುರುತು. ವರ್ಷವಿಡೀ ಸಿಗೋ ‘ಲಿಮಿಟೆಡ್ ಎಡಿಷನ್’ ಯಾರಿಗೆ ಬೇಕು?

ಚಹಾ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ಚಿಕ್ಕಮಗಳೂರಿನ ಕೆಳಗೂರು ಥರದ ಕೆಲವು ಕಡೆ ಬಿಟ್ಟರೆ ನಮ್ಮಲ್ಲಿ ಚಹಾ ಬೆಳೆಯೋರು ಕಡಿಮೆ. ನಮ್ಮ ಪಾಲಿಗೆ ಚಹಾ ಎಲೆ ಹೊರಗಿನದು, ಬೆರೆಸೋ ಶುಂಠಿ, ಏಲಕ್ಕಿ, ಮಜ್ಜಿಗೆ ಹುಲ್ಲು ನಮ್ಮದು. ಚೀನಾದವರು ಮಲ್ಲಿಗೆ ಚಹಾ ಮಾಡೋ ರೀತಿ ಮಾತ್ರ ಕಲಿಯೋ ಹಾಗಿದೆ. ಸಂಜೆ ಬಿರಿಯೋಕೆ ಸಿದ್ಧವಾದ ಮೊಗ್ಗನ್ನು ಎಲೆಯ ಜೊತೆ ಪದರ ಪದರವಾಗಿ ಹರಡ್ತಾರೆ, ರಾತ್ರಿ ಹೂ ಅರಳಿ ಎಲೆ ಘಮ ಹೀರುತ್ತೆ, ಬೆಳಗ್ಗೆ ಹೂ ತೆಗೆದುಹಾಕ್ತಾರೆ. ಹೀಗೆ ಹಲವು ರಾತ್ರಿ. ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಬೆಲೆ ಬೀಳೋ ದಿನಗಳಲ್ಲಿ ಯಾರಾದರೂ ಔಷಧಿ ಹೊಡೆಯದ ಹೂವಿನಲ್ಲಿ ಪ್ರಯತ್ನ ಮಾಡಿದರೆ ಮೊದಲ ಗಿರಾಕಿ ನಾನೇ. ಇನ್ನು ತುಳಸಿ, ಮಜ್ಜಿಗೆ ಹುಲ್ಲು ಮಾತ್ರ ಹಾಕಿ ‘ಹರ್ಬಲ್ ಟೀ’ ಅಂತ ಬರೆಯೋರು ಲೇಬಲ್ ತಿದ್ದಿಕೊಳ್ಳಿ. ಚಹಾ ಗಿಡದ ಎಲೆ ಇಲ್ಲದ್ದಕ್ಕೆ ಟೀ ಅನ್ನೋ ಪದ ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಕಷಾಯ’ ಅಂತ ಬರೆಯಿರಿ. ಎಂಥ ಒಳ್ಳೇ ಪದ ಇದೆ ನಮ್ಮ ಹತ್ತಿರ!

ಐವತ್ತೈದು ಮನೆ

ಹೇಝಲ್‌ನಟ್ ಇಲ್ಲದಿದ್ದರೆ ವ್ಯಾಪಾರ ಓಡಲ್ಲ ಅನ್ನೋ ಮಾತಿಗೆ ನನ್ನ ಉತ್ತರ ಒಂದು ಲೆಕ್ಕ. ಕೈಯಲ್ಲಿ ಫೋನ್ ಇದೆ, ಕ್ಯಾಲ್ಕುಲೇಟರ್ ತೆಗೀರಿ.

50 ಕಿಲೋ ರೋಬಸ್ಟಾ ಚೆರಿ ಒಂದು ಚೀಲ. ಔಟ್‌ಟರ್ನ್ 26 ಬಂದರೆ ಹಸಿರು ಬೀಜ 26 ಕಿಲೋ. ಹುರಿದಾಗ ನೂರಕ್ಕೆ ಹದಿನೈದು ತೂಕ ಹೋಗುತ್ತೆ, ಉಳಿಯೋದು 22 ಕಿಲೋ. 250 ಗ್ರಾಂನ 88 ಪೊಟ್ಟಣ. ಎಕರೆಗೆ 15 ಚೀಲ ಅಂದ್ರೆ ವರ್ಷಕ್ಕೆ 1,320 ಪೊಟ್ಟಣ. ಫಿಲ್ಟರ್ ಕಾಫಿ ಕುಡಿಯೋ ಒಂದು ಮನೆಗೆ ತಿಂಗಳಿಗೆ ಎರಡು ಪೊಟ್ಟಣ ಅಂತ ಹಿಡಿದರೆ ವರ್ಷಕ್ಕೆ 24. ಭಾಗಿಸಿ ನೋಡಿ. 55 ಮನೆ. ಒಂದು ಎಕರೆಯ ಅಷ್ಟೂ ಕಾಫಿ ಮುಗಿಸೋಕೆ 55 ಮನೆ ಸಾಕು. ಚಿಕೋರಿ ಸೇರಿಸೋರಿಗೆ ಮನೆ ಸ್ವಲ್ಪ ಜಾಸ್ತಿ ಬೇಕು, ಅಷ್ಟೇ.

ಊರು ಬಿಟ್ಟು ಬೆಂಗಳೂರಲ್ಲಿರೋ ನಿಮ್ಮ ನೆಂಟರು, ಕಾಲೇಜು ಗೆಳೆಯರು, ಅವರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು. ಈ 55 ಮನೆ ಅಲ್ಲೇ ಇದೆ. ಫೋನಿನಲ್ಲಿ ಕಾಣೋ ಲಕ್ಷಾಂತರ ಜನಕ್ಕೆ ಹೇಝಲ್‌ನಟ್ ಮಾರೋ ಕಂಪನಿಗಳ ಜೊತೆ ನಿಮಗೇನು ಕುಸ್ತಿ? ಆದರೆ ಈ 55 ಮನೆಯವರು ರಜೆಗೆ ನಿಮ್ಮ ತೋಟಕ್ಕೇ ಬರ್ತಾರೆ, ಏಲಕ್ಕಿ ಗಿಡ ತೋರಿಸಿ ಅಂತಾರೆ. ತೋರಿಸೋಕೆ ಗಿಡ ಇರಬೇಕು.

2024–25ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಾಗ ಎಷ್ಟೋ ಜನ ರೋಸ್ಟರ್‌ಗೆ ಬಟ್ಟೆ ಹೊದಿಸಿಟ್ಟರು. ಚೆರಿಗೇ ಇಷ್ಟು ಸಿಗುವಾಗ ಪೊಟ್ಟಣದ ತಲೆನೋವು ಯಾಕೆ ಅಂತ. ಲೆಕ್ಕಕ್ಕೆ ಅದು ಸರಿಯೇ ಇತ್ತು. ಆದರೆ ಅಷ್ಟು ದಿನ ಕಟ್ಟಿದ ಗಿರಾಕಿ ಮನೆಗಳು ಒಂದು ವರ್ಷದಲ್ಲಿ ಬೇರೆ ಪುಡಿಗೆ ಹೋದವು. ಬೆಲೆ ಇಳಿದ ಮೇಲೆ ಅವರನ್ನು ವಾಪಸ್ ಕರೆಯೋದು ಸುಲಭ ಅಲ್ಲ. ಹಾಗಾಗಿ ಬೆಲೆ ಎಷ್ಟೇ ಇರಲಿ, ನಾಲ್ಕೈದು ಚೀಲವಾದರೂ ಬೇರೆ ತೆಗೆದಿಡಿ. ಕ್ಯೂರಿಂಗ್‌ಗೆ ಕೊಡುವಾಗ ನಿಮ್ಮ ಲಾಟ್ ಬೇರೆ ಇಡಿ ಅಂತ ಮೊದಲೇ ಮಾತಾಡಿ. ಕಲಿಯೋಕೆ ಬೇಕು ಅನ್ನೋರಿಗೆ ಕಾಫಿ ಬೋರ್ಡ್‌ನವರ ‘ಕಾಪಿ ಶಾಸ್ತ್ರ’ ತರಬೇತಿ ಬೆಂಗಳೂರಲ್ಲಿ ನಡೆಯುತ್ತೆ. ಹುರಿಯೋದು, ರುಚಿ ನೋಡೋದು ಎರಡೂ ಹೇಳಿಕೊಡ್ತಾರೆ. ಸಾದಾ ಕಾಫಿಯ ರುಚಿ ಗುರುತಿಸೋಕೆ ಬರದೆ ಮಸಾಲೆ ಬೆರೆಸೋಕೆ ಹೋಗಬೇಡಿ.

ಪಕ್ಕದ ತೋಟದ ಹುಡುಗ ಹೇಝಲ್‌ನಟ್ ನಿಲ್ಲಿಸಿಲ್ಲ. ಆದರೆ ಈ ಸಲ ಪೊಟ್ಟಣದ ಮುಂದೆಯೇ ‘ಕೃತಕ ಸುವಾಸನೆ ಸೇರಿಸಿದೆ’ ಅಂತ ದಪ್ಪಗೆ ಹಾಕಿಸಿದ್ದಾನೆ. ಪಕ್ಕದಲ್ಲಿ ಅವನ ಮೆಣಸು ಶುಂಠಿ ಕಾಫಿ. ಯಾವುದು ಎಷ್ಟು ಹೋಗುತ್ತೆ ನೋಡೋಣ ಅಂತ ಇಬ್ಬರೂ ಕಾಯ್ತಾ ಇದ್ದೀವಿ. ನನ್ನ ಕೈಗೆ ಸಿಗದೆ ಉಳಿದಿರೋದು ಕಿತ್ತಳೆ. ಬಿಳಿ ನಾರು ತೆಗೆದು ನೆರಳಲ್ಲಿ ಒಣಗಿಸಿದ ಕೊಡಗಿನ ಕಿತ್ತಳೆ ಸಿಪ್ಪೆ ಅರೇಬಿಕಾಗೆ ಎಷ್ಟು ಒಪ್ಪುತ್ತೆ ಅಂತ ಒಂದು ಸಲ ಕುಡಿದವರಿಗೇ ಗೊತ್ತು. ಆದರೆ ರೋಗಕ್ಕೆ ಸಿಕ್ಕಿ ಮರಗಳೇ ಹೋಗಿಬಿಟ್ಟಿವೆ, ಇದ್ದಲ್ಲೆಲ್ಲ ಸಿಂಪಡಣೆ. ಔಷಧಿ ಕಾಣದ ಒಂದೆರಡು ಹಳೇ ಮರ ನಿಮ್ಮಲ್ಲಿ ಯಾರ ತೋಟದಲ್ಲಾದರೂ ಉಳಿದಿದ್ದರೆ, ಹಣ್ಣು ತಿಂದು ಸಿಪ್ಪೆ ಎಸೆಯೋ ಮೊದಲು ಒಂದು ಮಾತು ತಿಳಿಸಿ.